ಮನೆಯ ಮಗುವಿನ ಗ್ರಂಥಭಂಡಾರ

ಮನೆಗೆ ಪುಸ್ತಕಗಳನ್ನು ತರುವುದು ಸುಲಭ; ತಂದುದನ್ನು ಕ್ರಮವಾಗಿ ಇಡುವುದು ಕಷ್ಟ. ಆ ಪುಸ್ತಕಗಳ ಒಡತಿ ಎರಡೂವರೆ ವರ್ಷದ ಮಗುವಾಗಿದ್ದರಂತೂ ಕಷ್ಟ ಇಮ್ಮಡಿಯಾಗುತ್ತದೆ. ಅರಸೀಕೆರೆಯ ನಮ್ಮ ಮನೆಗೆ ಈ ಕಷ್ಟ ಬಂದೊದಗಿತು. ಮೊಮ್ಮಗಳು ಹುಟ್ಟಿದಂದಿನಿಂದ ಬಂಧುಗಳು ಕೊಟ್ಟ ಚಿತ್ರದ ಪುಸ್ತಕಗಳು, ಅವಳ ತಂದೆ ಬೆಂಗಳೂರಿನಿಂದ ಬಂದಾಗಲೆಲ್ಲ ತಂದವು, ಅವನೇ ಹುಡುಗನಾಗಿದ್ದಾಗ ಓದಿ ಉಳಿಸಿದ್ದ ಹಳೆಯ ‘ಚಂದಮಾಮ’ಗಳು, ಎಲ್ಲ ಸೇರಿ ಮುನ್ನೂರರ ಹತ್ತಿರವಾದುವು. ನಾನು ನಿವೃತ್ತ ಉಪಾಧ್ಯಾಯ. ಅಸ್ತವ್ಯಸ್ತವನ್ನು ಕಂಡರೆ ಆಗದವನು. ಗಾಜಿನ ಬಾಗಿಲಿನ ಬೀರುವೊಂದನ್ನು ಕೊಂಡು, ಪುಸ್ತಕಗಳಿಗೆಲ್ಲ ಅಂಕಿಯ ಚೀಟಿ ಅಂಟಿಸಿ, ಲೇಖಕರ ಹೆಸರಿನ ಅಕಾರಾದಿಯಲ್ಲಿ ನಿಲ್ಲಿಸಿ, ಬೀಗ ಹಾಕಿದೆ. ನೋಡುವುದಕ್ಕೆ ಬಹಳ ಅಂದವಾಗಿದ್ದಿತು.

ಒಂದು ತಿಂಗಳು ಕಳೆಯಿತು. ಮಗು ಆ ಬೀರುವಿನ ಬಳಿಗೆ ಒಂದು ದಿನವೂ ಹೋಗಲಿಲ್ಲ. ಅಡಿಗೆಮನೆಯ ಡಬ್ಬಿಗಳೂ ಮುಚ್ಚಳಗಳೂ ಅವಳಿಗೆ ಸಾಕಾಗಿದ್ದುವು. ಕಡೆಗೆ ಮನೆಯಾಕೆ ಕೇಳಿದಳು: “ಅಲ್ಲ, ನೀವು ಬೀಗ ಹಾಕಿರೋದು ಪುಸ್ತಕಕ್ಕೋ, ಮಗೂಗೋ?”

ಉತ್ತರ ಹೇಳಲು ನನಗೆ ತೋಚಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಪುಸ್ತಕವನ್ನು ಕಾಪಾಡುವುದು, ಪುಸ್ತಕವನ್ನು ಓದಿಸುವುದು, ಇವೆರಡಕ್ಕೂ ಹೊಂದಿಕೆ ಹೇಗೆ? ಇದು ನಮ್ಮ ಮನೆಯೊಂದರ ಪ್ರಶ್ನೆಯಲ್ಲ. ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಂದ ಇದಕ್ಕೆ ಬಗೆಬಗೆಯ ಉತ್ತರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಕ್ರಮದ ಮಾತು. ವಸ್ತುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬುದಕ್ಕೆ ನಮ್ಮ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರದು ಅಕ್ಷರಗಳ ಕ್ರಮ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ೧೯೦೭ರಲ್ಲಿ ಬಂದಿತು, ಅದರದು ಕಾಲದ ಕ್ರಮ. ಅಮರಸಿಂಹನ ಕೋಶವನ್ನು ನಮ್ಮ ಹಿರಿಯರು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದರು. ಅದರದು ವಿಷಯದ ಕ್ರಮ. ಮರಗಿಡಗಳೆಲ್ಲ ಒಂದು ವರ್ಗ, ಮನುಷ್ಯರೆಲ್ಲ ಒಂದು ವರ್ಗ, ಸಿಂಹ ಮೊದಲಾದ ಪ್ರಾಣಿಗಳದು ‘ಸಿಂಹಾದಿವರ್ಗ’.

ನಾಲ್ಕನೆಯದು ಸ್ಥಳದ ಕ್ರಮ. ಇದರ ಉದಾಹರಣೆ ನಮ್ಮ ಜಿಲ್ಲೆಯದೇ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವನ್ನು ಹಾಸನ ಜಿಲ್ಲೆಗಾಗಿಯೇ ಮೀಸಲಿಟ್ಟು ೧೯೦೨ರಲ್ಲಿ ಪ್ರಕಟಿಸಿದರು. ಶಾಸನಗಳನ್ನು ಅವರು ತಾಲ್ಲೂಕು ತಾಲ್ಲೂಕಾಗಿ ಬೇರ್ಪಡಿಸಿ, ಬೇಲೂರಿನವಕ್ಕೆ ಒಂದು ಸಂಖ್ಯೆಯ ಸರಣಿ, ಅರಸೀಕೆರೆಯವಕ್ಕೆ ಇನ್ನೊಂದು ಸರಣಿ, ಹೀಗೆ ಕೊಟ್ಟರು. ದೊರೆಯ ಹೆಸರನ್ನಾಗಲಿ ಕಾಲವನ್ನಾಗಲಿ ಅರಿಯದವನೂ ತನ್ನ ಊರಿನ ಕಲ್ಲು ಏನು ಹೇಳುತ್ತದೆ ಎಂಬುದನ್ನು ಆ ಪುಸ್ತಕದಲ್ಲಿ ಹುಡುಕಬಹುದು. ಹುಡುಕುವವನು ಯಾರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕ್ರಮ ಅದು.

ಆದರೂ ಒಂದು ವಿನೋದ ನೋಡಿ. ಆ ಸಂಪುಟದಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವಿಲ್ಲ. ಕ್ರಿ.ಶ. ಸುಮಾರು ೪೫೦ರದೆಂದು ಹೇಳುವ, ಕನ್ನಡದ ಅತ್ಯಂತ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವ ಆ ಕಲ್ಲು ಡಾಕ್ಟರ್ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದುದು ೧೯೩೬ರಲ್ಲಿ. ಎಲ್ಲವನ್ನೂ ಜೋಡಿಸಿ ಮುಗಿಸಿದೆವು ಎನ್ನುವಾಗ ಎಲ್ಲಕ್ಕಿಂತ ಹಿರಿಯ ಅತಿಥಿ ಬಾಗಿಲಿಗೆ ಬಂದ ಹಾಗಾಯಿತು. ಆದುದರಿಂದ ಕ್ರಮವೆಷ್ಟೇ ಚೆನ್ನಾಗಿರಲಿ, ಮುಂದೆ ಬರುವವಕ್ಕೆ ಜಾಗ ಬಿಟ್ಟಿರಬೇಕು. ನನ್ನ ಬೀರುವಿನಲ್ಲಿ ಒಂದು ಅಂಗುಲದ ಎಡೆಯೂ ಇರಲಿಲ್ಲ.

ಇನ್ನು ಕಾಪಾಡುವ ಮಾತು. ಓಲೆಗರಿಯ ಕಾಲದಲ್ಲಿ ಪುಸ್ತಕವನ್ನು ನಿಲ್ಲಿಸಿ ಇಡುವ ಪದ್ಧತಿಯೇ ಇರಲಿಲ್ಲ. ಗರಿಗಳಿಗೆ ರಂಧ್ರ ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಬಿಗಿದು, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಯೋ ಗೋಡೆಯ ಗೂಡಿನಲ್ಲಿಯೋ ಮಲಗಿಸುತ್ತಿದ್ದರು. ಹುಳು ಬಾರದಂತೆ ಬಜೆಯ ಬೇರನ್ನು ಇಡುವುದೂ ಉಂಟು. ಒಂದು ಕಟ್ಟಿನಲ್ಲಿ ಎರಡು ಮೂರು ಗ್ರಂಥಗಳು ಸೇರಿರುತ್ತಿದ್ದುವು. ಬಿಚ್ಚಿ ನೋಡದೆ ಒಳಗೇನಿದೆ ಎಂದು ತಿಳಿಯದು. ಇದನ್ನೆಲ್ಲ ನೋಡಿಕೊಳ್ಳುವುದು ಒಂದು ಉದ್ಯೋಗವೇ ಆಗಿದ್ದಿತು. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ದೊಡ್ಡ ಘಟಿಕಾಸ್ಥಾನವಿದ್ದಿತು. ೧೦೫೮ರ ಅಲ್ಲಿಯ ಶಾಸನದಲ್ಲಿ ಉಪಾಧ್ಯಾಯರ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರ ಮಾತು ಬರುತ್ತದೆ. ಸರಸ್ವತಿಯ ಭಂಡಾರಕ್ಕೆ ಕಾವಲಿನವರು. ಈಗಿನ ಮಾತಿನಲ್ಲಿ ಗ್ರಂಥಪಾಲರು.

ಹೀಗೆ ಕಾಪಾಡಿದುದರ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಒಂದು, ಮೂಡಬಿದಿರೆಯದು. ಅಲ್ಲಿಯ ಬಸದಿಯಲ್ಲಿ ‘ಧವಲಾ’ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದು ಬಂದಿವೆ. ಅವುಗಳಲ್ಲಿ ಕೆಲವು ಗರಿಗಳ ಮೇಲೆ ಬಣ್ಣದ ಚಿತ್ರಗಳಿವೆ. ಹನ್ನೆರಡನೆಯ ಶತಮಾನದ ಮೊದಲ ಭಾಗದವೆಂದು, ಎಂದರೆ ಬೇಲೂರಿನ ಗುಡಿ ಎದ್ದ ಕಾಲದವೆಂದು, ತಿಳಿದವರು ಹೇಳುತ್ತಾರೆ. ಹೊಯ್ಸಳರ ಕಾಲದ ಚಿತ್ರದ ಪುಸ್ತಕ ಎಂದರೆ ತಪ್ಪಾಗಲಾರದು. ಭಕ್ತರು ಅದನ್ನು ಶತಮಾನಗಳ ಕಾಲ ಕಣ್ಣಿನಂತೆ ಕಾಪಾಡಿದರು. ಕಾಪಾಡದಿದ್ದರೆ ಆ ಗ್ರಂಥ ಲೋಕಕ್ಕೇ ಇಲ್ಲವಾಗುತ್ತಿದ್ದಿತು. ಆದರೆ ಬಹುಕಾಲ ಅದು ದರ್ಶನಕ್ಕೆ ಮಾತ್ರ ಸಿಕ್ಕಿತು, ಓದಿಗೆ ಸಿಕ್ಕಲಿಲ್ಲ. ಮೊದಲ ಸಂಪುಟ ಅಚ್ಚಾಗಿ ಹೊರಬಂದುದು ೧೯೩೯ರಲ್ಲಿ.

ಇನ್ನೊಂದು, ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಕೊನೆಯಲ್ಲಿ ಆ ಮಹಾತಾಯಿ ಪೊನ್ನ ಕವಿಯ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಒಂದೊಂದು ಗರಿಯನ್ನೂ ಕೈಯಲ್ಲಿ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಆಕೆಯೂ ಗ್ರಂಥವನ್ನು ಕಾಪಾಡಿದವಳೇ. ಆದರೆ ಆಕೆಯ ದಾರಿ ಬೇರೆ. ನೂರು ಕೈಗಳಲ್ಲಿ ಸವೆದು ಹೋದರೂ ನೂರೊಂದನೆಯ ಕೈಯಲ್ಲಿ ಉಳಿಯಲಿ ಎಂಬ ದಾರಿ ಅದು.

ಮುಚ್ಚಿ ಕಾಪಾಡುವುದು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಯುರೋಪಿನ ಹಳೆಯ ಮಠಗಳಲ್ಲಿಯೂ ವಿದ್ಯಾಲಯಗಳಲ್ಲಿಯೂ ಪುಸ್ತಕಗಳನ್ನು ಕಬ್ಬಿಣದ ಸರಪಣಿಯಿಂದ ಮೇಜಿಗೆ ಕಟ್ಟಿಹಾಕುತ್ತಿದ್ದರು. ಪುಸ್ತಕ ದುರ್ಲಭವಾಗಿದ್ದಾಗ ಸರಪಣಿಗೆ ಅರ್ಥವಿದ್ದಿತು. ಪುಸ್ತಕ ಸುಲಭವಾದ ಮೇಲೂ ಸರಪಣಿ ಉಳಿದರೆ ಅದು ಅಭ್ಯಾಸ ಮಾತ್ರ. ನನ್ನ ಬೀಗವೂ ಅಂಥ ಅಭ್ಯಾಸವೇ. ನಾವು ಹುಡುಗರಾಗಿದ್ದಾಗ ಮನೆಗೆ ಇದ್ದುದು ಮೂರೋ ನಾಲ್ಕೋ ಪುಸ್ತಕ; ಅವನ್ನು ಮುಟ್ಟಬೇಕಾದರೆ ಕೈ ತೊಳೆದು ಬರಬೇಕಾಗಿದ್ದಿತು.

ಹಾಗಾದರೆ ಹಿಂದೆ ಚಿಕ್ಕ ಮಕ್ಕಳ ಕೈಗೆ ಏನು ಸಿಕ್ಕುತ್ತಿದ್ದಿತು? ಮಕ್ಕಳ ಓದನ್ನು ನಮ್ಮವರು ಕಡೆಗಣಿಸಿರಲಿಲ್ಲ. ಹೊಯ್ಸಳ ಮಂತ್ರಿ ಪೆರುಮಾಳೆಯು ೧೨೯೦ರಲ್ಲಿ ಕಾವೇರಿಯ ದಡದ ಮಾಲಂಗಿಯಲ್ಲಿ ವಿದ್ಯಾದಾನಕ್ಕೆ ದತ್ತಿ ಬಿಟ್ಟಾಗ, ವೇದ ಹೇಳುವವರ ಜೊತೆಗೆ ಬಾಲಶಿಕ್ಷೆಗೂ ಏರ್ಪಾಟು ಮಾಡಿದನು. ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕನ್ನೂ ಕಲಿಸಬೇಕಾಗಿದ್ದಿತು. ಆದರೆ ಮಗುವಿನ ಕೈಗೆ ಪುಸ್ತಕ ಬರುತ್ತಿರಲಿಲ್ಲ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು ಮೊದಲು. ಆಮೇಲೆ ಬಳಪ. ಬಟ್ಟೆಗೆ ಹುಣಿಸೆಬೀಜದ ಅಂಬಲಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿದ ‘ಕಡತ’ದ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದರು. ಕೂಲಿಮಠದ ಅಯ್ಯಗಳ ಮುಂದೆ ಕುಳಿತ ಹುಡುಗನ ಗ್ರಂಥಭಂಡಾರವೆಲ್ಲ ಅವನ ಬಾಯಲ್ಲಿಯೇ ಇದ್ದಿತು: ಮಗ್ಗಿ, ಅಮರ, ನಾಲ್ಕಾರು ಪದ್ಯ.

ಮಕ್ಕಳಿಗಾಗಿಯೇ ಬರೆದು, ಮಕ್ಕಳಿಗಾಗಿಯೇ ಚಿತ್ರ ಹಾಕಿಸಿದ ಕನ್ನಡ ಪುಸ್ತಕಗಳು ಮನೆಮನೆಗೆ ಬಂದುದು ಇತ್ತೀಚೆಗೆ. ಪಂಜೆ ಮಂಗೇಶರಾಯರು ೧೯೨೧ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿದರು. ಶಿವರಾಮ ಕಾರಂತರ ‘ಬಾಲಪ್ರಪಂಚ’ ೧೯೩೬ರಲ್ಲಿ ಬಂದಿತು. ಜಿ. ಪಿ. ರಾಜರತ್ನಂ ಅವರು ಮಕ್ಕಳ ನಾಲಗೆಗೆ ಹೊಂದುವ ಹಾಡುಗಳನ್ನು ಕೊಟ್ಟರು. ಆರಗದ ಲಕ್ಷ್ಮಣರಾಯರು ಮಕ್ಕಳಿಗಾಗಿ ಪದ್ಯ ಬರೆಯುವಾಗ ಇಟ್ಟುಕೊಂಡ ಹೆಸರು ‘ಹೊಯಿಸಳ’. ಹುಲಿಯನ್ನು ಹೊಯ್ದ ಸಳನ ಹೆಸರು ಹೀಗೆ ಮಕ್ಕಳ ಪುಸ್ತಕದ ರಕ್ಷಾಪುಟಕ್ಕೂ ಬಂದಿತು. ‘ಚಂದಮಾಮ’ದ ಕನ್ನಡ ಆವೃತ್ತಿ ೧೯೪೯ರಲ್ಲಿ ಪ್ರಾರಂಭವಾಯಿತು. ೧೯೫೭ರಲ್ಲಿ ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟೂ ಚಿಲ್ಡ್ರನ್ಸ್ ಬುಕ್ ಟ್ರಸ್ಟೂ ಹುಟ್ಟಿದುವು. ದೇಶಕ್ಕೆಲ್ಲ ಹೆಸರಾದ ‘ಅಮರ ಚಿತ್ರಕಥೆ’ಯ ಮೊದಲ ಹತ್ತು ಸಂಖ್ಯೆಗಳು ಕನ್ನಡದಲ್ಲಿ ಬಂದುವು, ಆದುದರಿಂದಲೇ ‘ಕೃಷ್ಣ’ನ ಕಥೆಯ ಸಂಖ್ಯೆ ಹನ್ನೊಂದು. ಬೆಂಗಳೂರಿನ ಪ್ರಥಮ್ ಬುಕ್ಸ್ ೨೦೦೪ರಿಂದ ಅಗ್ಗದ ಬೆಲೆಗೆ ಚಿತ್ರದ ಕಥೆಗಳನ್ನು ಹೊರತರುತ್ತಿದೆ. ಒಂದು ಕೂಸಿನ ಹೆಸರಿನಲ್ಲಿ ಮುನ್ನೂರು ಪುಸ್ತಕ ಸೇರುವುದು ಹಿಂದಿನ ಯಾವ ದೊರೆಯ ಮನೆಯಲ್ಲಿಯೂ ಕಾಣದ ಭಾಗ್ಯ. ಭಾಗ್ಯ ಹೊಸದು; ಅದನ್ನು ಇಟ್ಟುಕೊಳ್ಳುವ ಬಗೆ ಮಾತ್ರ ಹಳೆಯದಾಗಿ ಉಳಿದರೆ ಹೇಗೆ?

ಈ ಬಗೆಯನ್ನು ಕುರಿತು ಬಹಳ ಆಳವಾಗಿ ಯೋಚಿಸಿದ ಒಬ್ಬರು ಕೊನೆಗಾಲದಲ್ಲಿ ಬೆಂಗಳೂರಿನಲ್ಲಿಯೇ ನೆಲಸಿದ್ದರು. ಡಾಕ್ಟರ್ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲರಾದವರು. ೧೯೨೪ರಲ್ಲಿ ಇಂಗ್ಲೆಂಡಿಗೆ ಹೋದವರು ಲಂಡನ್ನಿನ ಅಂಗಡಿಯೊಂದರಲ್ಲಿ ಮಕ್ಕಳ ಆಟದ ಸಾಮಾನನ್ನು ಕಂಡರು. ಪಟ್ಟಿ, ಗಾಲಿ, ತಿರುಪು, ಇವನ್ನೇ ಬೇರೆ ಬೇರೆಯಾಗಿ ಜೋಡಿಸಿ ಬೇರೆ ಬೇರೆ ಯಂತ್ರಗಳನ್ನು ಮಾಡುವ ಮೆಕಾನೊ ಆಟ ಅದು. ವಿದ್ಯೆಯ ವಿಷಯಗಳನ್ನೂ ಹೀಗೆಯೇ ತುಂಡುಗಳಿಂದ ಜೋಡಿಸಬಾರದೇಕೆ ಎಂಬ ಯೋಚನೆ ಅವರಿಗೆ ಬಂದಿತು. ೧೯೩೩ರಲ್ಲಿ ಪ್ರಕಟವಾದ ಅವರ ‘ಕೋಲನ್’ ವರ್ಗೀಕರಣದ ಬೀಜ ಅದು. ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಚರ್ಚಿಸುವ ಪದ್ಧತಿಯೊಂದು ಹುಡುಗರ ಆಟಿಕೆಯಿಂದ ಹುಟ್ಟಿತೆಂದರೆ ಸಂತೋಷದ ಸಂಗತಿಯಲ್ಲವೆ?

ಅದಕ್ಕೂ ಮೊದಲು, ೧೯೩೧ರಲ್ಲಿ, ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಅವುಗಳ ತಾತ್ಪರ್ಯ ಹೀಗೆ: ಪುಸ್ತಕವಿರುವುದು ಉಪಯೋಗಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುವ ಜೀವ. ಐದನ್ನೂ ನನ್ನ ಬೀರುವಿನ ಮುಂದೆ ನಿಂತು ಒಂದೊಂದಾಗಿ ಹೇಳಿಕೊಂಡೆ. ಒಂದನ್ನೂ ನಾನು ಪಾಲಿಸಿರಲಿಲ್ಲ. ನನ್ನ ಕ್ರಮದಲ್ಲಿ ಓದುಗನ ಸಮಯ ಉಳಿಯುತ್ತಿದ್ದುದು ನಿಜ. ಆದರೆ ಆ ಓದುಗ ನಾನೇ ಆಗಿದ್ದೆ, ಮಗುವಾಗಿರಲಿಲ್ಲ. ಲೇಖಕರ ಹೆಸರು ಎರಡೂವರೆ ವರ್ಷದವಳಿಗೆ ಏನು ಹೇಳುತ್ತದೆ? ಪುಸ್ತಕದ ಬೆನ್ನನ್ನು ಕಂಡು ಪುಸ್ತಕವನ್ನು ಗುರುತಿಸುವ ವಿದ್ಯೆ ಓದು ಬಂದವರದು. ಮಗುವಿಗೆ ಪುಸ್ತಕವೆಂದರೆ ಅದರ ಮುಖ.

ಸೂತ್ರ ತಿಳಿಯಿತು, ಅದನ್ನು ಗೋಡೆಯ ಮೇಲೆ ಹೇಗೆ ತರುವುದೆಂಬುದು ತಿಳಿಯಲಿಲ್ಲ. ಅದು ತಿಳಿದುದು ಹಳೇಬೀಡಿನಲ್ಲಿ.

ಒಂದು ಭಾನುವಾರ ಮನೆಯವರೆಲ್ಲ ಬೇಲೂರು ಹಳೇಬೀಡುಗಳಿಗೆ ಹೋದೆವು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ೧೧೧೭ರಲ್ಲಿ ಆದುದು. ಹಳೇಬೀಡಿನ ಹೊಯ್ಸಳೇಶ್ವರ ಅದಾದ ಕೆಲವು ವರ್ಷಗಳಿಗೆ ಪ್ರಾರಂಭವಾದುದು. ಸೋಮನಾಥಪುರದೊಂದಿಗೆ ಈ ಎರಡು ಊರಿನ ಗುಡಿಗಳೂ ೨೦೨೩ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಬೇಲೂರಿನಲ್ಲಿ ಹಿರಿಯರೆಲ್ಲ ಕತ್ತೆತ್ತಿ ಮದನಿಕೆಯರನ್ನು ನೋಡಿದೆವು. ಆ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನು ಕೊರೆದಿರುವುದನ್ನು ಸೊಸೆಗೆ ತೋರಿಸಿದೆ. ಮಗುವಿಗೆ ಅದು ಯಾವುದೂ ಬೇಕಾಗಿರಲಿಲ್ಲ. ಅತ್ತು ನಿದ್ದೆ ಹೋದಳು.

ಹಳೇಬೀಡಿನಲ್ಲಿ ಎಚ್ಚರವಾಯಿತು. ಜಗತಿಯ ಮೇಲೆ ಬಿಟ್ಟೊಡನೆ ಓಡಿಹೋಗಿ ಗೋಡೆಗೆ ಕೈಯಿಟ್ಟು “ಆನೆ!” ಎಂದಳು. ನಾಲ್ಕು ಹೆಜ್ಜೆ ನಡೆದು “ಇನ್ನೊಂದು ಆನೆ!” ಎಂದಳು. ಹೀಗೆಯೇ ಆನೆಯಿಂದ ಆನೆಗೆ ಆ ಗೋಡೆಯುದ್ದಕ್ಕೂ ಹೋದಳು. ಆಗ ನಾನು ಆ ಗೋಡೆಯನ್ನು ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ನೀವೂ ಒಮ್ಮೆ ಹಾಗೆ ನೋಡಬೇಕು. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹಗಳು. ಆಮೇಲೆ ಬಳ್ಳಿ; ಅದರ ಮೇಲೆ ಕುದುರೆ ಸವಾರರು; ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಭಾರತ, ಭಾಗವತಗಳ ಕಥೆಗಳು. ಆಮೇಲೆ ಮಕರಗಳು, ಹಂಸಗಳು. ಅವೆಲ್ಲಕ್ಕೂ ಮೇಲೆ ದೊಡ್ಡ ದೇವತಾ ಮೂರ್ತಿಗಳು. ಕೂಸಿಗೆ ಆನೆ, ತುಸು ಬೆಳೆದವರಿಗೆ ಕುದುರೆ, ಕಥೆ ಕೇಳುವ ವಯಸ್ಸಿಗೆ ಕಥೆ, ಮೂರ್ತಿಲಕ್ಷಣ ಬಲ್ಲವರಿಗೆ ಮೂರ್ತಿ.

ಶಿಲ್ಪಿಗಳು ಮಕ್ಕಳಿಗಾಗಿ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಭಾರ ಹೊರುವ ತಳದಲ್ಲಿ ಆನೆಯಿರುವುದು ಉಚಿತವೆಂಬುದು ಅವರ ಲೆಕ್ಕ. ಆದರೆ ಅವರ ಲೆಕ್ಕದಲ್ಲಿ ಮಗುವಿಗೂ ಪಾಲು ಸಿಕ್ಕಿದೆ. ಆ ಗೋಡೆಯಲ್ಲಿ ಯಾವ ಸಾಲೂ ಬೆನ್ನು ತಿರುಗಿಸಿ ನಿಂತಿಲ್ಲ. ಎಲ್ಲ ನಮ್ಮ ಕಡೆಗೆ ಮುಖ ಮಾಡಿವೆ. ಇನ್ನೂ ಒಂದು ಮಾತು. ಆ ಗುಡಿಗಳ ಕಲ್ಲಿಗೆ ನಮ್ಮ ಜನ ಇಟ್ಟ ಹೆಸರು ಬಳಪದ ಕಲ್ಲು. ಕಡತದ ಮೇಲೆ ಅಕ್ಷರ ತಿದ್ದಿದ ಬಳಪವೂ ಅದೇ ಜಾತಿಯ ಮೆದು ಕಲ್ಲು. ಮಗುವಿನ ಬರಹದ ಕಲ್ಲಿನಿಂದಲೇ ನಾಡಿನ ಅತಿ ದೊಡ್ಡ ಚಿತ್ರದ ಪುಸ್ತಕವನ್ನು ಕೆತ್ತಿದ್ದಾರೆ!

ಊರಿಗೆ ಬಂದವನೇ ಬೀರುವನ್ನು ತೆರೆದೆ. ಆಮೇಲೆ ಮಾಡಿದುದನ್ನು, ನಿಮ್ಮಲ್ಲಿ ಯಾರಿಗಾದರೂ ಪ್ರಯೋಜನವಾದೀತೆಂದು, ಹೇಳುತ್ತೇನೆ.

ಬಡಗಿಯಿಂದ ಮಗುವಿನ ಎದೆಯ ಎತ್ತರಕ್ಕೆ ಎರಡು ಸಾಲಿನ ಹಲಗೆ ಮಾಡಿಸಿ, ಹತ್ತಿದರೆ ಉರುಳದಂತೆ ಗೋಡೆಗೆ ಭದ್ರಪಡಿಸಿದೆ. ಅದರಲ್ಲಿ ಹನ್ನೆರಡೇ ಪುಸ್ತಕಗಳು, ಮುಖ ಮುಂದಾಗಿ ಒರಗಿ ನಿಂತಿವೆ. ನಮ್ಮ ಹಿರಿಯರ ವ್ಯಾಸಪೀಠದ ಮೇಲೆ ಗ್ರಂಥ ಹೇಗೆ ಓದುವವನ ಕಡೆಗೆ ತೆರೆದಿರುತ್ತಿದ್ದಿತೋ ಹಾಗೆಯೇ. ಕೆಳಗಿನ ಸಾಲಿನಲ್ಲಿ ರಟ್ಟಿನ ಪುಸ್ತಕಗಳು: ಪ್ರಾಣಿ, ಹಣ್ಣು, ಬಂಡಿ, ರೈಲು. ಅವಳು ಅವನ್ನು ಎಳೆಯಬಹುದು, ಎಸೆಯಬಹುದು, ಕಚ್ಚಲೂಬಹುದು. ಮೇಲಿನ ಸಾಲಿನಲ್ಲಿ ಹಾಡಿನ ಪುಸ್ತಕಗಳೂ ಪುಟ್ಟ ಕಥೆಗಳೂ. ಅವು ತೊಡೆಯ ಮೇಲೆ ಕುಳಿತು ಓದಿಸಿಕೊಳ್ಳುವಂಥವು. ತೆಳುಗಾಗದದ ಪುಸ್ತಕಗಳೂ ಹಳೆಯ ‘ಚಂದಮಾಮ’ಗಳೂ ಬೀರುವಿನ ಮೇಲುಭಾಗದಲ್ಲಿವೆ, ಅವಕ್ಕೆ ಕಾಲ ಬರಲಿ.

ಉಳಿದವೆಲ್ಲ ಟ್ರಂಕುಗಳಲ್ಲಿ, ಅಮರನ ಹಾಗೆ ವರ್ಗ ವರ್ಗವಾಗಿ. ಅಂಕಿಯ ಚೀಟಿಯನ್ನು ಕಿತ್ತು ಬೆನ್ನಿಗೆ ಬಣ್ಣದ ಕಾಗದ ಅಂಟಿಸಿದ್ದೇನೆ: ಪ್ರಾಣಿಗಳಿಗೆ ಹಸುರು, ಹಾಡಿಗೆ ಹಳದಿ, ಕಥೆಗೆ ಕೆಂಪು. ತೆಗೆದಿಡುವ ಕೆಲಸದಲ್ಲಿ ಮಗುವೇ ನೆರವಾಗುತ್ತಾಳೆ. ಹಸುರನ್ನು ಹಸುರಿನ ಜೊತೆಗೆ ಇಡುವುದು ಅವಳಿಗೆ ಆಟ. ಪ್ರತಿ ಸಂತೆಯ ದಿನ ನಾಲ್ಕು ಪುಸ್ತಕ ಒಳಕ್ಕೆ, ನಾಲ್ಕು ಹೊರಕ್ಕೆ. ಆದರೆ ಅವಳು ದಿನವೂ ಕೇಳುವ ಪುಸ್ತಕವನ್ನು ಬದಲಾಯಿಸುವುದಿಲ್ಲ. ನೂರು ಸಲ ಕೇಳಿದರೂ ಅದು ಅಲ್ಲಿಯೇ ಇರಬೇಕು. ಒಂದು ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಹಲ್ಮಿಡಿಯ ನೆನಪಿಗೆ.

ಹುಳುವಿನ ವಿಷಯದಲ್ಲಿ ಒಂದು ಎಚ್ಚರಿಕೆ. ನುಸಿಗುಳಿಗೆಯನ್ನು ಮಕ್ಕಳ ಪುಸ್ತಕಗಳ ಬಳಿ ಇಡಲೇಬೇಡಿ. ಮಿಠಾಯಿಯೆಂದು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ವಾರಕ್ಕೊಮ್ಮೆ ಧೂಳು ಕೊಡವಿ, ತೇವ ತಾಗದಂತೆ ಗಾಳಿಯಾಡಿಸಿದರೆ ಸಾಕು. ಮಕ್ಕಳು ಓದುವ ಪುಸ್ತಕಕ್ಕೆ ಹುಳು ಬರುವುದೂ ಕಡಿಮೆ. ಬಿಚ್ಚದ ಪುಸ್ತಕವೇ ಅದರ ಆಹಾರ.

ಪುಸ್ತಕಗಳು ಹರಿಯುವುದಿಲ್ಲವೆ ಎಂದು ನೀವು ಕೇಳಬಹುದು. ಹರಿಯುತ್ತವೆ. ಕಳೆದ ತಿಂಗಳು ಮೂರು ಹರಿದುವು. ಮಧ್ಯಾಹ್ನ ನಾವಿಬ್ಬರೂ ನೆಲದ ಮೇಲೆ ಕುಳಿತು ಗೋಂದು ಹಚ್ಚಿ ಅಂಟಿಸುತ್ತೇವೆ. ಅಂಟಿಸಿದ ಪುಸ್ತಕವನ್ನು ಅವಳು ಹೊಸದಕ್ಕಿಂತ ಮೆಲ್ಲಗೆ ಹಿಡಿಯುತ್ತಾಳೆಂಬುದನ್ನು ನಾನು ಗಮನಿಸಿದ್ದೇನೆ. ಅತ್ತಿಮಬ್ಬೆಯ ಸಾವಿರ ಪ್ರತಿಗಳಲ್ಲಿ ಎಷ್ಟು ಓದಿಯೇ ಸವೆದು ಹೋದುವೋ! ಹಾಗೆ ಸವೆದ ಪ್ರತಿಗಳಿಂದ ಆ ತಾಯಿಗೆ ನಷ್ಟವಾಗಲಿಲ್ಲ.

ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮೊನ್ನೆ ಮನೆಯಾಕೆ ಕೇಳಿದಳು. ಹುಡುಕಿದೆವು. ಮಗುವಿನ ಆಟದ ಬುಟ್ಟಿಯಲ್ಲಿ, ಮುಚ್ಚಳಗಳ ನಡುವೆ ಇದ್ದಿತು. ಅಲ್ಲಿಯೇ ಇರಲೆಂದು ಬಿಟ್ಟಿದ್ದೇವೆ.